ಭರತದ ಹೊತ್ತಿಗೆ ಬಂದವರು

ಹಿಯರಿಂಗ್ ಎಂದರೆ ಕೇಳಿಸಿಕೊಳ್ಳುವುದು
ಎಂದು ಮೊದಲಿಗೇ ಬಿಡಿಸಿ ಹೇಳಿದೆ.
ಶಿರಿಯ ಹೊಳೆಯ ಈಚೆ ದಡ, ನಮ್ಮದೇ ಶಾಲೆ,
ಏಳನೇ ಬಿ ತರಗತಿಯ ಬೆಂಚು ಅಂಗಳಕ್ಕೆ ಹಾಕಿ
ಒಳಗೆ ಇನ್ನೂರು ಕೆಂಪು ಪ್ಲಾಸ್ಟಿಕ್ ಕುರ್ಚಿ.
ವರದಿ ಇಂಗ್ಲಿಷಿನಲ್ಲಿ, ಸಾರಾಂಶ ಮಲಯಾಳದಲ್ಲಿ,
ಕನ್ನಡಕ್ಕೆ ನಾನು.
ದಿನಕ್ಕೆ ಐನೂರು, ಊಟ ಅವರದು.

'ಕ್ರ್ಯಾಕರ್' ಎಂಬಲ್ಲಿ ಮೊದಲ ಸಲ ಎಡವಿದೆ.
ಪಟಾಕಿ ಫ್ಯಾಕ್ಟರಿಯಾ ಟೀಚರೇ?
ಹಿಂದಿನ ಸಾಲು ನಕ್ಕಿತು.
ಅಲ್ಲ ಮಕ್ಕಳೇ, ಎಣ್ಣೆ ಕಾಸಿ, ಸೀಳಿ,
ಸಾಬಕ್ಕಿಯಂಥ ಬಿಳಿ ಕಾಳು ಮಾಡುತ್ತಾರೆ,
ಕಾಳಿನಿಂದ ಕೊಡ, ಚೀಲ, ನೀವು ಕೂತ ಕುರ್ಚಿ.

'ಎಫ್ಲುವೆಂಟ್' ಬಂತು. ಕೊಳಚೆ ಎಂದೆ.
ಮೇಜಿನಾಚೆಯಿಂದ ತಿದ್ದಿದರು:
ಸಂಸ್ಕರಿಸಿದ ನೀರು ಎನ್ನಿ.
ಸಂಸ್ಕರಿಸಿದ ನೀರು ಎಂದೆ.
ಹೆಣಕ್ಕೂ ಮಾಡುವುದು ಅದನ್ನೇ ಅಲ್ಲವಾ,
ಅಂದರು ದೂಮಪ್ಪಣ್ಣ, ಕೂತಲ್ಲಿಂದಲೇ.
ಅದನ್ನು ನಾನು ದಾಟಿಸಲಿಲ್ಲ.

ನೀಲಿ ಅಂಗಿಯವ ನಯವಾಗಿ ಕೇಳಿದ:
ನಿಮ್ಮ ಬಲೆ ನೈಲಾನು, ಬಾಲ್ದಿ ಪ್ಲಾಸ್ಟಿಕು,
ಮತ್ತೆ ಈ ವಿರೋಧ ಯಾತಕ್ಕೆ?
ಮತ್ತೆ ದೂಮಪ್ಪಣ್ಣ:
ಕೋಳಿ ಪದಾರ್ಥ ತಿನ್ನುತ್ತೇವೆ ಸ್ವಾಮಿ,
ಕೊಯ್ಯುವ ಮರದ ತುಂಡನ್ನು
ಹಾಸಿಗೆಯಡಿ ಇಟ್ಟುಕೊಳ್ಳುತ್ತೇವಾ?
ಇದನ್ನು ದಾಟಿಸಿದೆ, ತುಸು ಗಟ್ಟಿಯಾಗಿಯೇ.

ಆಮೇಲೆ ಶಮ್ಮಾಸ್ ಎದ್ದ.
ಶಾರ್ಜಾದಿಂದ ಮರಳಿ ಹದಿನೆಂಟು ತಿಂಗಳು.
'ವಿರೋಧ' ಪದ ಬಳಸಿ ವಾಕ್ಯ ಬರೆಯಿರಿ ಎಂದರೆ
'ನನಗೆ ಯಾರೂ ವಿರೋಧವಿಲ್ಲ' ಎಂದು ಬರೆದಿದ್ದ ಹುಡುಗ.
ನಾನೂರು ಕೆಲಸ ಅಂತಿದ್ದಾರೆ, ಒಂದು ನನಗಿರಲಿ.
ಹೊಳೆ ನನಗೆ ಯಾವ ತಿಂಗಳು ಪಗಾರ ಕೊಟ್ಟಿದೆ?
ಯಾರೂ ಬೈಯಲಿಲ್ಲ. ಯಾರೂ ಕೈತಟ್ಟಲಿಲ್ಲ.
ಒಂದಕ್ಷರ ಬಿಡದೆ ಮಲಯಾಳಕ್ಕೆ ತಂದೆ,
ಇಡೀ ದಿನದಲ್ಲಿ ಅದೇ ನನ್ನ ಒಳ್ಳೆಯ ತರ್ಜುಮೆ.

ಪುಟ ನೂರಾ ನಲವತ್ತೆರಡು, ಕೆಳಗಿನಿಂದ ಮೂರನೇ ಸಾಲು:
ಅಳಿವೆಯಲ್ಲಿ ಮರುವಾಯಿ ಕಂಡುಬಂದಿಲ್ಲ.
ಓದಿ ಮುಗಿಸುವ ಮೊದಲೇ ಕಾರ್ಮಿನ್ ಬಾಯಿ ನಿಂತಿದ್ದಳು,
ಸೊಂಟದ ಬುಟ್ಟಿ ಸೊಂಟದಲ್ಲೇ.
ಅರ್ಧ ತುಳು, ಅರ್ಧ ಕೊಂಕಣಿ:
ಯಾವತ್ತು ನೋಡಿದ್ದು?
ಹಾಳೆ ಮಗುಚಿದರು. ಜನವರಿ ಹನ್ನೊಂದು,
ಬೆಳಿಗ್ಗೆ ಹತ್ತೂವರೆ.
ಅವಳು ಬೆರಳ ಗೆಣ್ಣುಗಳ ಮೇಲೆ ಹಿಂದಕ್ಕೆ ನಡೆದಳು.
ಅಮಾಸೆಯ ಮರುದಿನ. ಹತ್ತೂವರೆಗೆ ಭರತ.
ಕುತ್ತಿಗೆ ಮುಳುಗುವ ನೀರಿಗೆ ಬಂದು,
ದೋಣಿಯಲ್ಲಿ ಕೂತು, ಏನೂ ಇಲ್ಲ ಅಂತ ಬರೆದಿರಿ.
ಸಂಜೆ ಐದಕ್ಕೆ ಬರಬೇಕಿತ್ತು, ಚಪ್ಪಲಿ ಬಿಟ್ಟು.
ಮರುವಾಯಿ ಕಣ್ಣಿಗೆ ಸಿಕ್ಕುವುದಲ್ಲ,
ಹೆಬ್ಬೆರಳಿಗೆ ಸಿಕ್ಕುವುದು.

ಇಷ್ಟು ಹೇಳಿ ಕೂರಲಿಲ್ಲ.
ಗೋಡೆಯ ಗಡಿಯಾರ ನೋಡಿದಳು, ನಾಲ್ಕೂಕಾಲು.
ನೀರು ಇಳಿಯುತ್ತಿದೆ, ನಾನು ಹೊರಟೆ.
ಅವಳ ಹಿಂದೆ ನೆಬೀಸ, ನೆಬೀಸಳ ಹಿಂದೆ ಅವಳ ಅತ್ತೆ,
ಆಮೇಲೆ ಒಂದು ಸಾಲಿಗೆ ಸಾಲೇ,
ಕುರ್ಚಿಕಾಲು ನೆಲಕ್ಕೆ ಉಜ್ಜುವ ಸದ್ದು ಮಾತ್ರ.
ಮೈಕು ಯಾರ ಕೈಯಲ್ಲಿತ್ತೋ, ಸುಮ್ಮನಿತ್ತು.

ನಡಾವಳಿ ಬರೆಸಿದರು:
ಆಸಕ್ತಿ ಇಲ್ಲದೆ ಮಹಿಳೆಯರು ಅರ್ಧಕ್ಕೇ ನಿರ್ಗಮಿಸಿದರು.
ಮಲಯಾಳದ ಪ್ರತಿಯಲ್ಲಿ ಅದು ಹಾಗೆಯೇ ಇದೆ.
ಕನ್ನಡದ ಪ್ರತಿಯಲ್ಲಿ ನಾನು ಬರೆದೆ:
ಇಳಿತದ ಹೊತ್ತಾದ್ದರಿಂದ ಕೆಲಸಕ್ಕೆ ಹೋದರು.
ಎರಡಕ್ಕೂ ಕೆಳಗೆ, ತರ್ಜುಮೆ ಸರಿಯಿದೆ ಎಂದು
ನನ್ನದೇ ಸಹಿ.

ಕತ್ತಲಾದ ಮೇಲೆ ಕುರ್ಚಿ ಎಣಿಸಿ ಲಾರಿಗೆ ಹೇರಿದರು.
ನೂರಾ ತೊಂಬತ್ತೊಂಬತ್ತು.
ಎರಡು ಸಲ ಎಣಿಸಿದರು, ನನ್ನನ್ನೂ ಕೇಳಿದರು.
ಹೊಳೆಬದಿಯಲ್ಲಿ ಅದರ ಮೇಲೆ ಯಾರೋ ಕೂತು
ಮರುವಾಯಿ ಬಿಡಿಸುತ್ತಿದ್ದುದನ್ನು
ನಾನು ಯಾವ ಭಾಷೆಯಲ್ಲೂ ಹೇಳಲಿಲ್ಲ.